ವಾಡಿಯಲ್ಲಿ ಕಡಿಯುವ ಡಬ್ಬಿ

ಆಗ ಮಾನ್ವಿಗೂ ರೈಲು ಇರಲಿಲ್ಲ, ದೇವದುರ್ಗಕ್ಕೂ ಇರಲಿಲ್ಲ. ನನ್ನ ತವರು ಮಾನ್ವಿ, ಅತ್ತೆಯ ತವರು ದೇವದುರ್ಗ. ಎರಡೂ ಕಡೆಯವರು ರೈಲು ಹತ್ತಬೇಕೆಂದರೆ ಬಸ್ಸಿನಲ್ಲಿ ರಾಯಚೂರಿಗೆ ಬರಬೇಕು. ರಾಯಚೂರು ಅಂದರೆ ಸ್ಟೇಷನ್ ಹಿಂದಿನ ಓಣಿಯ ನಮ್ಮ ಮನೆ. ಮುಂಜಾನೆಯ ಗಾಡಿಗೆ ಹೋಗುವವರು ಹಿಂದಿನ ಸಂಜೆಯೇ ಬಂದು ಉಂಡು ಮಲಗುತ್ತಿದ್ದರು. ಅವರಿಗೆಂದೇ ಕೌದಿಗಳನ್ನು ಬೇರೆ ಹೊಲಿದಿಟ್ಟಿದ್ದೆವು. ಬೆಳಗ್ಗೆ ಏಳುವಷ್ಟರಲ್ಲಿ ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ತಯಾರಿಡುವುದು ನನ್ನ ಕೆಲಸ.

ನನ್ನ ಮಾವ ನಿಜಾಮರ ರೈಲಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿ ಸೇರಿದವರು, ದೇಶದ ಸರ್ಕಾರದ ರೈಲಿನಲ್ಲಿ ರಿಟೈರ್ ಆದವರು. ಉಂಡು ಕೂತ ನೆಂಟರಿಗೆಲ್ಲ ಅವರದು ಒಂದೇ ಕಥೆ. ಮುಂಬಯಿಯಿಂದ ಬಂದ ಹಳಿ ಒಂದು, ಮದ್ರಾಸಿನಿಂದ ಬಂದ ಹಳಿ ಒಂದು. ಎರಡೂ ನಮ್ಮ ರಾಯಚೂರಿನಲ್ಲಿ ಬಂದು ಕೂಡಿದವು. ಎರಡೂ ಬಿಳಿಯರ ಕಂಪನಿಯವು. ನಿಜಾಮರ ಸ್ವಂತ ಹಳಿ ಹೊರಡುತ್ತಿದ್ದುದು ವಾಡಿಯಿಂದ. ಅಲ್ಲಿಂದ ಸಿಕಂದರಾಬಾದಿಗೆ, ಅಲ್ಲಿ ಕವಲೊಡೆದು ಒಂದು ವಾರಂಗಲ್ ಕಡೆ, ಒಂದು ನಾಂದೇಡ ಕಡೆ.

“ಊರು ನಿಜಾಮಂದು, ಊರಾಗಿನ ರೈಲು ಪರರದು. ನಮ್ಮ ಗಾಡಿ ಹತ್ತಬೇಕಂದ್ರ ವಾಡಿಗಿ ಹೋಗಬೇಕಿತ್ತು ನೋಡ್ರಿ” ಅನ್ನುತ್ತಿದ್ದರು. ಎಲ್ಲ ರೈಲೂ ಒಂದೇ ಸರ್ಕಾರದ್ದಾಗಿ ಎಷ್ಟೋ ವರ್ಷವಾಗಿದ್ದರೂ ಅವರ ಬಾಯಲ್ಲಿ ವಾಡಿಯ ಆಚೆಗಿನದು ನಮ್ಮ ಗಾಡಿ, ಈಚೆಗಿನದು ಅವರ ಗಾಡಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನನ್ನ ತಂಗಿಗೆ ಸಿಕಂದರಾಬಾದಿನ ಒಂದು ದವಾಖಾನೆಯಿಂದ ನರ್ಸ್ ತರಬೇತಿಯ ಸಂದರ್ಶನಕ್ಕೆ ಕರೆ ಬಂತು. ಅಪ್ಪ ಮಾನ್ವಿಯ ಹತ್ತಿ ಗಿರಣಿಯಲ್ಲಿ ಹಮಾಲಿ. ನಮ್ಮ ಮನೆತನದಲ್ಲಿ ಪಿಯುಸಿ ಮುಟ್ಟಿದವಳು ಅವಳೊಬ್ಬಳೇ. ಅಪ್ಪ ಬ್ಯಾಡ ಅನ್ನಲಿಲ್ಲ, ಆದರೆ ಮಾತನ್ನು ಅಳೆದು ಕೊಟ್ಟ: “ಒಂದ್ಸಲ ಕರಕೊಂಡು ಹೋಗ್ತೀನಿ. ಆತು ಅಂದ್ರ ಓದು. ಇಲ್ಲಂದ್ರ ಹಿರೇಕೊಟ್ನೆಕಲ್‌ನವರಿಗೆ ಹೂಂ ಅಂತೀನಿ.” ಹಿರೇಕೊಟ್ನೆಕಲ್‌ನ ವರ ಕೆಟ್ಟವನೇನಲ್ಲ. ತಂಗಿ ಮಾತ್ರ ಆ ವಾರವೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಪುಸ್ತಕದಿಂದ ತಲೆ ಎತ್ತಲಿಲ್ಲ.

ನನ್ನ ಗಂಡನಿಗೆ ರಜೆ ಇರಲಿಲ್ಲ. ಹೀಗಾಗಿ ಅಪ್ಪ, ಮಾವ, ತಂಗಿ, ಅವಳ ಜೊತೆಗೆ ನಾನು, ನಾಲ್ವರು ಹೊರಟೆವು. ಮುಂಬಯಿ ಕಡೆ ಹೋಗುವ ಗಾಡಿಯ ಕೊನೆಗೆ ಹೈದರಾಬಾದಿನ ಡಬ್ಬಿ ಒಂದನ್ನು ಹಚ್ಚಿರುತ್ತಿದ್ದರು. ವಾಡಿಯಲ್ಲಿ ಅದನ್ನು ಕಡಿದು, ಬದಿಯ ಹಳಿಗೆ ಸರಿಸಿ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಸಿಕಂದರಾಬಾದಿನ ಗಾಡಿ ಬಂದು ಅದನ್ನು ಎಳೆದುಕೊಂಡು ಹೋಗುತ್ತಿತ್ತು. ಮಾವ ನೆಟ್ಟಗೆ ಆ ಡಬ್ಬಿಗೇ ಹೋಗಿ, ಜಾಗಕ್ಕೆ ಟವೆಲ್ ಹಾಸಿದರು.

ಅಪ್ಪ ಅಂದ, “ಬೀಗರ, ಹೆಣ್ಮಕ್ಕಳು ಗಂಡಸರ ನಡುವ ಬ್ಯಾಡ್ರಿ. ಜನಾನಾ ಡಬ್ಬಿ ಎಲ್ಲೈತಿ?”

“ಮುಂದ ಅದ. ಕುಂದ್ರಿಸಿ ಬರ್ರಿ” ಅಂದರು ಮಾವ.

ಹೆಂಗಸರು ಜನಾನಾ ಡಬ್ಬಿಯಲ್ಲಿ, ಗಂಡಸರು ಹೊರಗೆ: ನಮ್ಮ ಕಡೆ ಅದೇ ರಿವಾಜು, ಹಿಂದೂ ಮುಸ್ಲಿಮ್ ಅನ್ನದೆ ಎಲ್ಲರಿಗೂ. ಅಪ್ಪ ಹೇಳಿದ್ದು ಸರಿ, ಮಾವ ಹೇಳಿದ್ದೂ ಸರಿ. ಅವೆರಡು ಸರಿಗಳನ್ನು ಒಂದೇ ಗಾಡಿಗೆ ಹಚ್ಚಿದ್ದು ತಪ್ಪು. ಅದು ನಮಗೆ ಯಾರಿಗೂ ಹೊಳೆಯಲಿಲ್ಲ.

ಅಪ್ಪ ನಮ್ಮಿಬ್ಬರನ್ನು ಮುಂದಿನ ಜನಾನಾ ಡಬ್ಬಿಯಲ್ಲಿ ಕೂರಿಸಿ ಹಿಂದಕ್ಕೆ ಹೋದ. ಗಾಡಿ ಕೃಷ್ಣಾ ಹೊಳೆ ದಾಟಿತು. ಯಾದಗಿರಿಯಲ್ಲಿ ಅಪ್ಪ ಓಡಿ ಬಂದು ಕಿಟಕಿಯಲ್ಲಿ ಮುಖ ತೋರಿಸಿ ಹೋದ. ವಾಡಿಯಲ್ಲಿ ಬರಲಿಲ್ಲ. ಗಾಡಿ ಬಹಳ ಹೊತ್ತು ನಿಂತಿತು, ಹಿಂದೆಲ್ಲೋ ದಡಕ್ ಅಂದಿತು, ಮತ್ತೆ ಹೊರಟಿತು. ಇನ್ನು ಇದು ನಮ್ಮ ಗಾಡಿ ಅಂದುಕೊಂಡು ನಾನು ಬುತ್ತಿ ಬಿಚ್ಚಿದೆ. ಎದುರಿಗೆ ಬಳೆ ಮಾರುವ ಮುಸ್ಲಿಮ್ ಹೆಂಗಸು, ಬೂಬಮ್ಮ ಒಬ್ಬಾಕೆ, ರಾಯಚೂರಿನಿಂದಲೇ ಕೂತಿದ್ದಳು. ಒಂದು ರೊಟ್ಟಿ ಕೊಟ್ಟೆ.

“ಎಲ್ಲಿಗಿ ಯವ್ವಾ?” ಅಂದಳು.

“ಸಿಕಂದರಾಬಾದಿಗಿ.”

ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. “ಅಗೇ ಅಮ್ಮಾ, ಯೆ ಬಂಬೈಕು ಜಾತಿ ಗಾಡಿ, ಬಂಬೈಗಿ ಹೋಗ್ತದ. ಸಿಕಂದರಾಬಾದಿನ ಡಬ್ಬಿ ವಾಡಿಯಾಗ ಕಡದು ಬಿಟ್ರಲ್ಲ?”

ಟಿಕೆಟ್ಟು ಅಪ್ಪನ ಅಂಗಿಯ ಕಿಸೆಯಲ್ಲಿ. ಸಂದರ್ಶನ ಮರುದಿನ ಮುಂಜಾನೆ. ನಾನು ಎದ್ದು ಸರಪಳಿಗೆ ಕೈ ಹಾಕಿದೆ.

“ಅದನ್ನ ಜಗ್ಗಬ್ಯಾಡ” ಅಂದಳು ಬೂಬಮ್ಮ. “ಗಾಡಿ ನಿಲ್ತದ, ಪೊಲೀಸರು ಬರ್ತಾರ. ಅವರಿಗಿ ಹೇಳಿ ಮುಗಿಸೂದ್ರಾಗ ಹಿರೇಕೊಟ್ನೆಕಲ್ ಮದುವಿ ಆಗಿರ್ತದ.” ಸಂದರ್ಶನ, ಮದುವೆ ಎಲ್ಲವನ್ನೂ ನಾನೇ ಯಾದಗಿರಿಗೆ ಮುಂಚೆ ಆಕೆಗೆ ಹೇಳಿಬಿಟ್ಟಿದ್ದೆ, ನಾವು ಹೋಗುವ ಊರೊಂದನ್ನು ಬಿಟ್ಟು.

ತಂಗಿ ಕೇಳಿದ್ದು ಕೆಲಸದ ಮಾತು: “ಮುಂದಿನ ಸ್ಟೇಷನ್ ಯಾವುದು? ಅಲ್ಲಿಂದ ವಾಡಿಗಿ ತಿರುಗಿ ಗಾಡಿ ಸಿಗ್ತದನು?”

ಶಹಾಬಾದಿನಲ್ಲಿ ಇಳಿದೆವು. ಬೂಬಮ್ಮ ಕಿಟಕಿಯಿಂದ ನಮ್ಮ ಚೀಲ ಕೊಟ್ಟು, ಗಾಡಿ ಮರೆಯಾಗುವತನಕ ಕೈ ಬೀಸಿದಳು. ಗೇಟಿನಲ್ಲಿ ಟಿಕೆಟ್ ಬಾಬು ಕೈ ಚಾಚಿದರು.

“ಟಿಕೆಟ್ ಅಪ್ಪನ ಹತ್ರ ಅದ ರೀ” ಅಂದಳು ತಂಗಿ.

“ಅಪ್ಪ ಎಲ್ಲಿದ್ದಾರ?”

“ವಾಡಿಯಾಗ, ಹೈದರಾಬಾದಿನ ಡಬ್ಬಿಯಾಗ.”

“ಮತ್ತ ನೀವು?”

“ನಮ್ಮನ್ನ ಜನಾನಾ ಡಬ್ಬಿಯಾಗ ಕುಂದ್ರಿಸಿದ್ರು.”

ಅವರು ಟೋಪಿ ತೆಗೆದು ನಗತೊಡಗಿದರು. “ಗಂಡಸರು ಹೈದರಾಬಾದಿಗಿ, ಹೆಂಗಸರು ಬಂಬೈಗಿ. ಮರ್ಯಾದಿ ಅಂದ್ರ ಇದು ನೋಡ್ರಿ.” ತಂಗಿ ನಗಲಿಲ್ಲ. ಚೀಲದಿಂದ ಸಂದರ್ಶನದ ಕರೆಯನ್ನು ತೆಗೆದು ಮುಂದೆ ಹಿಡಿದಳು. ಅವರು ಓದಿ, ನಗು ನಿಲ್ಲಿಸಿ, ಸ್ಟೇಷನ್ ಮಾಸ್ತರರ ಕೋಣೆಗೆ ಹೋಗಿ ವಾಡಿಗೆ ಫೋನು ತಿರುವಿಸಿದರು. ಬಂದು ಹೇಳಿದರು, “ಡಬ್ಬಿ ಇನ್ನೂ ಅಲ್ಲೇ ನಿಂತದ. ಸಿಕಂದರಾಬಾದಿನ ಗಾಡಿ ಲೇಟ್ ಅದ. ವಾಡಿ ಕಡೆ ಹೋಗೂ ಪ್ಯಾಸೆಂಜರ್ ಬರಾಕತ್ತದ, ಅದರಾಗ ಹೋಗ್ರಿ. ಗಾರ್ಡಿಗಿ ನಾ ಹೇಳ್ತೀನಿ.”

ಆ ಪ್ಯಾಸೆಂಜರಿನಲ್ಲಿ ತಂಗಿ ಕೂರಲೇ ಇಲ್ಲ. ಬಾಗಿಲ ಕಂಬಿ ಹಿಡಿದು, ಹಾಸುಗಲ್ಲಿನ ಗಣಿಗಳನ್ನು ದಾಟಿ ಬರುವ ಹಳಿಯನ್ನೇ ನೋಡುತ್ತ ನಿಂತಳು. ವಾಡಿ ಬರುತ್ತಲೇ, ಬದಿಯ ಹಳಿಯ ಮೇಲೆ ಒಂದೇ ಒಂದು ಡಬ್ಬಿ ಬಿಸಿಲಿನಲ್ಲಿ ನಿಂತಿದ್ದು ಕಾಣಿಸಿತು. ಅಪ್ಪ ಅದರ ಕೆಳಗೆ ನಿಂತು ಹೋಗಿಬರುವವರನ್ನೆಲ್ಲ ತಡೆದು ಕೇಳುತ್ತಿದ್ದ. ಒಳಗಿನಿಂದ ಮಾವನ ದನಿ: “ಬೀಗರ, ಒಳಗ ಬಂದು ಕುಂದ್ರಿ. ನಮ್ಮ ಗಾಡಿ ಬಂದ ಮ್ಯಾಲೆ ಜನಾನಾ ಡಬ್ಬಿ ತಾನಾ ಬರ್ತದ.”

ಅಪ್ಪ ನಮ್ಮನ್ನು ಕಂಡ. ತಂಗಿಯ ರಟ್ಟೆ ಹಿಡಿದು ಆ ಡಬ್ಬಿಗೆ ಹತ್ತಿಸಿ, ಗಂಡಸರನ್ನು ಸರಿಸಿ, ಕಿಟಕಿಯ ಹತ್ತಿರ ಕೂರಿಸಿದ. ಸಿಕಂದರಾಬಾದಿನ ಗಾಡಿ ಬಂದು ಡಬ್ಬಿಯನ್ನು ಎಳೆದುಕೊಂಡು ಹೊರಟಿತು. ಮಾವ ಮಾತ್ರ ತಾಂಡೂರು ಬರುವತನಕ ಕಿಟಕಿ ಹೊರಗೇ ನೋಡುತ್ತಿದ್ದರು. ಕೊನೆಗೆ, “ನಮ್ಮ ಕಾಲದಾಗ ಇಡೀ ಗಾಡಿ ಒಂದೇ ಊರಿಗಿ ಹೋಗ್ತಿತ್ತು” ಅಂದರು. ತಂಗಿ ಅವರಿಗೆ ಉಳಿದ ರೊಟ್ಟಿ ಕೊಟ್ಟಳು. ತಿಂದರು.

ಮರುದಿನ ದವಾಖಾನೆಯ ಬೇವಿನ ಮರದ ಕೆಳಗೆ ನಾವು ಮೂವರು ಕಾದೆವು. ತಂಗಿ ಬಹಳ ಹೊತ್ತಿನ ಮೇಲೆ ಹೊರಗೆ ಬಂದಳು.

“ಏನಂದ್ರು?” ಅಪ್ಪ ಎದ್ದು ನಿಂತ.

“ಬರೋ ತಿಂಗಳ ಬಾ ಅಂದ್ರು. ಇಲ್ಲೇ ಇರಬೇಕಂತ.” ಆಮೇಲೆ ಮೆಲ್ಲಗೆ, “ಬಿಳಿ ಸೀರಿ ತರಬೇಕಂತ.”

ಮದುವೆಯಾಗದ ಮಗಳಿಗೆ ಬಿಳಿ ಸೀರೆ. ಅಪ್ಪನ ಮುಖ ಕಪ್ಪಿಟ್ಟಿತು. ದವಾಖಾನೆಯ ವರಾಂಡದಲ್ಲಿ ಬಿಳಿ ಸೀರೆಯ ಹುಡುಗಿಯರಿಬ್ಬರು ಟ್ರೇ ಹಿಡಿದು ನಗುತ್ತ ಹೋಗುತ್ತಿದ್ದರು. ಅವರು ಒಳಗೆ ಹೋಗುವತನಕ ಅಪ್ಪ ನೋಡಿದ. ಆಮೇಲೆ ಮಾವನ ಕಡೆ ತಿರುಗಿ ಕೇಳಿದ:

“ಬೀಗರ, ಬಿಳಿ ಸೀರಿ ಇಲ್ಲೇ ಛಲೋ ಸಿಗ್ತಾವೋ, ರಾಯಚೂರಾಗ ನೋಡೂಣೋ?”