ಜೆರಾಕ್ಸ್ ರಿಪೇರಿಗೆ ಹುಡುಗರು ಬೇಕಾಗಿದ್ದಾರೆ

ಲಿಂಗಸುಗೂರಿನ ತರಬೇತಿ ಸಂಸ್ಥೆಯ ಪ್ರಾಚಾರ್ಯರು ನನ್ನ ಬೆನ್ನ ಹಿಂದೆ ಇಣುಕಿ ನೋಡಿ, "ಸರ್ ಬರ್ಲಿಲ್ಲೇನ್ರೀ?" ಎಂದು ಕೇಳಿದರು.

ಯಾವ ಸರ್? ಸಿಂಧನೂರಿನಲ್ಲಿ ಜೆರಾಕ್ಸ್ ಯಂತ್ರ, ಪ್ರಿಂಟರ್ ರಿಪೇರಿ ಮಾಡುವ ಅಂಗಡಿ ನನ್ನದೇ. ಸೋದರಮಾವನ ಕೈಕೆಳಗೆ ಕಲಿತೆ. ಅವನಿಗೆ ಕಣ್ಣು ಮಂಜಾದ ಮೇಲೆ ನಾನೇ ನಡೆಸಿಕೊಂಡು ಬಂದೆ. ಮಸ್ಕಿ, ಲಿಂಗಸುಗೂರಿನ ಆಫೀಸುಗಳೂ ನನ್ನನ್ನೇ ಕರೆಯತೊಡಗಿದಾಗ ಒಬ್ಬಳಿಂದ ಆಗದೆ, ಕೆಲಸ ಕಲಿಯುವವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿದ್ದೆ.

ಪ್ರಾಚಾರ್ಯರು ಶಾಲು ಹೊದಿಸಿದರು. ಆಮೇಲೆ ಯುವಶಕ್ತಿಯ ಬಗ್ಗೆ ಭಾಷಣ ಮಾಡಿದರು. ಅವರ ಟೇಬಲ್ಲಿನ ಪಕ್ಕದಲ್ಲೇ ಒಂದು ಪ್ರಿಂಟರ್ ಕೆಟ್ಟು ಕುಳಿತಿತ್ತು, ಅದರ ಮೇಲೆ ಮನಿಪ್ಲಾಂಟ್ ಇಟ್ಟಿದ್ದರು. ಎಲೆಕ್ಟ್ರಾನಿಕ್ಸ್ ಕಲಿಸುವ ಆ ಇಡೀ ಸಂಸ್ಥೆಯಲ್ಲಿ ಅದರ ಮುಚ್ಚಳ ತೆಗೆದು ನೋಡಬೇಕೆಂದು ಒಬ್ಬನಿಗೂ ಅನ್ನಿಸಿರಲಿಲ್ಲ.

ಹುಡುಗರು ಸಾಲಾಗಿ ಬಂದರು. ಇಸ್ತ್ರಿ ಅಂಗಿ, ಹೊಳೆಯುವ ಬೂಟು, ಅತ್ತರಿನ ವಾಸನೆ. ಆಫೀಸು ಉಪಕರಣ ರಿಪೇರಿ ಎಂದು ನಾನು ಹೇಳಿ ಕಳಿಸಿದ್ದ ಮಾತಿನಲ್ಲಿ ಆಫೀಸು ಮಾತ್ರ ಅವರ ಕಿವಿಗೆ ಬಿದ್ದಿತ್ತು. ಎಸಿ ಇರುತ್ತದೆಯೇ ಎಂದು ಒಬ್ಬ, ಶನಿವಾರ ರಜೆಯೇ ಎಂದು ಇನ್ನೊಬ್ಬ. ಯಂತ್ರದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಕೊನೆಗೆ ಬಂದವನು ತಂದೆಯನ್ನೂ ಕರೆತಂದಿದ್ದ. ಮಾತಾಡಿದ್ದು ತಂದೆಯೇ, ಪೇಟೆಯಲ್ಲಿ ದೊಡ್ಡ ಕಿರಾಣಿ ಅಂಗಡಿಯವರು.

"ಕುಂದ್ರಾಕ ಕುರ್ಚಿ ಇರ್ತೈತಲ್ರೀ ಮೇಡಂ?"

"ಮಶಿನ್ ನೆಲದ ಮ್ಯಾಲೆ ಇರ್ತೈತ್ರೀ. ಅದರ ಮುಂದ ಮೊಣಕಾಲೂರಿ ಕುಂದ್ರಬೇಕು."

"ನೀವು ಭಾರಿ ಚಾಷ್ಟಿ ಮಾಡ್ತೀರಿ ಬಿಡ್ರಿ," ಎಂದು ಅವರು ನಕ್ಕರು. ಮಗನೂ ನಕ್ಕ. ಬೇರೆಯವರು ಅದಕ್ಕಿಂತ ಕಡೆಯಾಗಿದ್ದರಿಂದ ಅವನನ್ನೇ ತೆಗೆದುಕೊಂಡೆ.

ಕೆಲವು ವಾರ ಅಂಗಡಿಯಲ್ಲಿ ಎದುರು ಕೂರಿಸಿಕೊಂಡು ಕಲಿಸಿದೆ. ಕಲಿಸುವಾಗ ಅವನು ಮೊಬೈಲಿನಲ್ಲಿ ತನ್ನದೇ ಫೋಟೊ ತೆಗೆದುಕೊಳ್ಳುತ್ತಿದ್ದ, ಕೈಯಲ್ಲಿ ನನ್ನ ಸ್ಕ್ರೂಡ್ರೈವರ್ ಹಿಡಿದು. ಮೊದಲ ಸಲ ಒಬ್ಬನನ್ನೇ ಕಳಿಸಿದ್ದು ಮಸ್ಕಿ ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಗೆ. ಕಾಗದ ಸಿಕ್ಕಿಹಾಕಿಕೊಂಡಿದೆ ಎಂದು ಅಂಗಡಿಯವರು ಫೋನ್ ಮಾಡಿದ್ದರು. ಸಣ್ಣ ಕೆಲಸ. ಮಧ್ಯಾಹ್ನ ಅವನ ತಂದೆಯ ಫೋನ್ ಬಂತು.

"ನಮ್ಮ ಹುಡುಗನ್ನ ಏನಂತ ತಿಳ್ಕೊಂಡೀರಿ? ಮಾರಿ, ಮೈಯೆಲ್ಲಾ ಕರ್ರಗ ಮಾಡ್ಕೊಂಡು ಮನಿಗೆ ಬಂದಾನ! ಬಿಳಿ ಅಂಗಿ ಹಾಳಾತು!"

ಅವನು ಟೋನರಿನ ಡಬ್ಬಿಯನ್ನು ತಲೆಕೆಳಗಾಗಿ ಎಳೆದು, ಕಪ್ಪು ಪುಡಿಯನ್ನೆಲ್ಲ ಮೈಮೇಲೆ ಸುರಿದುಕೊಂಡಿದ್ದ. "ಒಣಗಿದ ಬಟ್ಟೀಲೆ ಝಾಡಿಸ್ರಿ, ಬಿಸಿನೀರು ಹಾಕಬ್ಯಾಡ್ರಿ, ಕಲೆ ಹೋಗಂಗಿಲ್ಲ," ಎಂದೆ. ಬಿಸಿನೀರು ಆಗಲೇ ಹಾಕಿದ್ದರು. ನನಗೆ ಒಳ್ಳೆಯದೇ ಅನ್ನಿಸಿತು.

ಸ್ಕೂಟಿ ಹತ್ತಿ ಮಸ್ಕಿಗೆ ಹೋದೆ. ಯಂತ್ರ ಬಾಯಿ ತೆರೆದುಕೊಂಡು ನಿಂತಿತ್ತು. ಅಂಗಡಿಯವರು ಹೊರಗೆ ಕಲ್ಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ಯಂತ್ರದ ಎದುರು, ನೆಲದಲ್ಲಿ, ಒಬ್ಬ ಯುವತಿ ಕುಳಿತಿದ್ದಳು. ಎಡಗೈಯ ಬೆರಳನ್ನು ನೀರಿನ ಲೋಟದಲ್ಲಿ ಅದ್ದಿಕೊಂಡು, ಬಲಗೈಯಲ್ಲಿ ಅರ್ಧ ಹರಿದ ಕಾಗದ ಹಿಡಿದಿದ್ದಳು. ಉಳಿದರ್ಧ ಇನ್ನೂ ಒಳಗೇ ಇತ್ತು.

"ಯಾರು ಮುಟ್ಟು ಅಂದ್ರು ನಿನಗ?" ಎಂದು ಗದರಿದೆ.

"ಯಾರೂ ಮುಟ್ಟವಲ್ರಲ್ರೀ, ಅದಕ್ಕ ಮುಟ್ಟೀನಿ," ಎಂದಳು, ತಲೆ ಎತ್ತದೆ. "ನಿಮ್ಮ ಹುಡುಗ ಓಡಿ ಹೋಗ್ಯಾನ. ಇವ್ರು ಚಾ ಕುಡ್ಯಾಕತ್ಯಾರ. ನಾ ಪಾಮನಕಲ್ಲೂರು ಬಸ್ ಎಷ್ಟಂತ ಬಿಡ್ಲಿ?"

ಸುಟ್ಟ ಬೆರಳನ್ನು ತೋರಿಸಿ ಕೇಳಿದಳು: "ಈ ಜಾಗ ಯಾಕ ಇಷ್ಟು ಸುಡ್ತೈತ್ರೀ? ಬಾಕಿ ಎಲ್ಲಾ ತಣ್ಣಗ ಐತಿ."

ಪುಡಿ ಕಾಗದಕ್ಕೆ ಅಂಟಬೇಕಾದರೆ ಕರಗಬೇಕು, ಕರಗಬೇಕಾದರೆ ಆ ಉರುಳೆ ಕಾಯಬೇಕು ಎಂದು ಹೇಳಿಕೊಟ್ಟೆ. ಅವಳು ಬೆರಳಿನ ನೋವು ಮರೆತು ಒಳಗೆ ಬಗ್ಗಿದಳು. ಬಿ.ಎ. ಮುಗಿಸಿ, ಯಾವುದೋ ಅರ್ಜಿಗೆ ಅಂಕಪಟ್ಟಿಯ ಪ್ರತಿ ಮಾಡಿಸಲು ಬಂದಿದ್ದಳಂತೆ. ನಾನು ಹರಿದ ಕಾಗದ ತೆಗೆಯುವಾಗ ಟಾರ್ಚ್ ಹಿಡಿದಳು, ಹೇಳದೆಯೇ ಸರಿಯಾದ ಕಡೆ.

"ನನ್ ಕೂಡ ಕೆಲಸಕ್ಕ ಬರ್ತೀಯೇನು?"

"ನೀವು ಹಿಂಗ ಬೈತಿದ್ರ ಬರಂಗಿಲ್ಲ."

ಮುಂದಿನ ವಾರವೇ ಬಂದಳು. ನಾನೂ ಬೈಯುವುದನ್ನು ಬಿಡಲಿಲ್ಲ, ಅವಳೂ ಕೆಲಸ ಬಿಡಲಿಲ್ಲ. ಆರಂಭದಲ್ಲಿ ಎರಡು ಯಂತ್ರ ಕೆಡಿಸಿದಳು. ಒಂದನ್ನು ಸರಿಮಾಡಲು ನನಗೂ ಆಗಲಿಲ್ಲ. ಈಗ ಮಸ್ಕಿಯ ಕೆಲಸವೆಲ್ಲ ಅವಳದೇ. ಗಿರಾಕಿಗಳೊಂದಿಗೆ ನನಗಿಂತ ಒರಟಾಗಿ ಮಾತಾಡುತ್ತಾಳೆ ಎಂದು ದೂರು ಬರುತ್ತದೆ. ಕೇಳಿ ಸಂತೋಷವಾಗುತ್ತದೆ.

ಈ ವರ್ಷ ಇನ್ನೊಬ್ಬರು ಬೇಕಾದಾಗ ಆರಿಸುವ ಕೆಲಸವನ್ನು ಅವಳಿಗೇ ಬಿಟ್ಟೆ. ನಾನು ಚಹಾ ತರುವಷ್ಟರಲ್ಲಿ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಹೊರಗೆ ಕಳಿಸಿದ್ದಳು. ಕಡೆಯವನು ಆಗಲೇ ಆಟೊ ಹತ್ತುತ್ತಿದ್ದ.

"ಅವಗ ಏನಾಗಿತ್ತಬೇ?" ಎಂದೆ.

"ಏನೂ ಆಗಿಲ್ಲ. ಅವನ ಮಾರಿ ನೋಡಿ ಸಿಟ್ಟು ಬಂತು."

ಚಹಾದ ಲೋಟಗಳನ್ನು ಅವಳ ಕೈಗೆ ಕೊಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನ ಹಿಂದೆ, "ಏ ತಮ್ಮಾ, ನಿಂದರಲೇ!" ಎಂದು ಕೂಗುತ್ತ ರಸ್ತೆಯಲ್ಲಿ ಓಡಿದೆ.