ತುಟಿ ಒಬ್ಬಳದು, ದನಿ ಇನ್ನೊಬ್ಬಳದು

ನನ್ನಿಂದ ಡಿಗ್ರಿ ಆಗದು ಎಂದವರು ಮಂಡ್ಯದ ನಮ್ಮ ಸೋದರಮಾವ ನಂಜೇಗೌಡರು. "ಪಿಯುಸೀಲಿ ಎರಡ್ ಸಲ ಡುಮ್ಕಿ ಹೊಡ್ದೋಳ್ಗೆ ಅಮೆರಿಕದೋರು ಡಿಗ್ರಿ ಕೊಟ್ಟಾರಾ? ಅವ್ರೇನು ದಡ್ರಾ?" ಅಂದಿದ್ದರು. ಅಮೆರಿಕದವರ ಬುದ್ಧಿಯ ಬಗ್ಗೆ ಮಾವನಿಗೆ ಆಗ ಬಹಳ ಗೌರವವಿತ್ತು.

ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವರೇ ಇಲ್ಲ. ಅಮೆರಿಕಕ್ಕೆ ಬಂದು, ಸ್ಯಾನ್ ರಮೋನ್ ಊರಿನ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾ, ಫ್ರೀವೇ ಟ್ರಾಫಿಕ್ಕಿನಲ್ಲಿ ಪಾಠ ಕೇಳುತ್ತಾ ಓದಿದವಳು ನಾನು. ಕೊನೆಗೆ ಉಳಿದದ್ದು ಒಂದೇ ಪ್ರಬಂಧ: ಯಾವುದಾದರೂ ಸಂಗೀತ ತಂಡದ ಚರಿತ್ರೆ. ಅದು ಪಾಸಾದರೆ ಡಿಗ್ರಿ. ಇಲ್ಲವಾದರೆ ಮಾವನೇ ಗೆದ್ದಂತೆ.

ಯಾರಿಗೂ ಗೊತ್ತಿಲ್ಲದ ವಿಷಯ ಹಿಡಿದರೆ ತಪ್ಪು ಹುಡುಕುವವರೂ ಇರುವುದಿಲ್ಲ ಎಂಬ ಜಾಣತನದಲ್ಲಿ, ಸೋವಿಯತ್ ಒಕ್ಕೂಟದ ಕೊನೆಗಾಲದ ಒಂದು ರಷ್ಯನ್ ತಂಡವನ್ನು ಆರಿಸಿಕೊಂಡೆ. ಸಿಂಥಸೈಜರ್ ಎಂಬ ಕೀಬೋರ್ಡಿನಲ್ಲೇ ಡ್ರಮ್ಮಿನಿಂದ ಪಿಟೀಲಿನವರೆಗೆ ಸದ್ದು ಹೊರಡಿಸಿ ಜನರನ್ನು ಕುಣಿಸಿದವರು. ಅವರ ಹಾಡುಗಳು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗಿ, ನಮ್ಮಲ್ಲಿ ಮೊಸರಿನ ಹೆಪ್ಪು ಮನೆಯಿಂದ ಮನೆಗೆ ಹೋಗುವಂತೆ, ಊರೂರು ತಲುಪಿದ್ದವು. ಹಳೆಯ ವಿಡಿಯೊ ನೋಡಿ, ವೇದಿಕೆಯ ಮೇಲಿನ ಹುಡುಗಿಯ ಕಂಠವನ್ನು ಐದು ಪುಟ ಹೊಗಳಿದೆ.

ಕಳಿಸುವ ಮುನ್ನಾದಿನ, ಹರೆಯದಲ್ಲಿ ಆ ಹಾಡುಗಳಿಗೆ ಕುಣಿದಿದ್ದ ಮೇಲಿನ ಅಪಾರ್ಟ್‌ಮೆಂಟಿನ ರಷ್ಯನ್ ಗಲೀನಾ ಆಂಟಿಗೆ ಓದಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವಳೆಲ್ಲಿ ಹಾಡಿದಳು? ತುಟಿ ಆಡಿಸಿದಳು ಅಷ್ಟೇ. ಟೇಪಿನಲ್ಲಿ ಹಾಡಿದವಳೇ ಬೇರೆ. ಒಂದೇ ಟೇಪು, ಊರಿಗೊಂದು ಮುಖ!"

"ಗೊತ್ತಿದ್ದೂ ಕಾರ್ಯಕ್ರಮಕ್ಕೆ ಹೋಗ್ತಿದ್ರಾ?"

"ನಾವು ಹೋಗಿದ್ದು ಕುಣಿಯೋಕೆ, ವಿಚಾರಣೆಗಲ್ಲ."

ದನಿಯಿದ್ದವಳಿಗೆ ಮುಖವಿಲ್ಲ, ಮುಖವಿದ್ದವಳಿಗೆ ದನಿಯಿಲ್ಲ. ಇಬ್ಬರೂ ಸೇರಿ ಒಬ್ಬ ತಾರೆ. ಎಲ್ಲವೂ ಎಲ್ಲರದು ಎನ್ನುತ್ತಿದ್ದ ದೇಶದಲ್ಲಿ ಇದು ತಪ್ಪೂ ಅಲ್ಲವೇನೋ. ನನ್ನ ಪ್ರಬಂಧವನ್ನು ಹಾಗೇ ಕಳಿಸಿದ್ದರೂ ಪ್ರೊಫೆಸರಿಗೆ ತಿಳಿಯುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಮಕ್ಕಳ ಮೂಗೊರೆಸಿಕೊಂಡು ಓದಿ, ಕೊನೆಯಲ್ಲಿ ನಾನೂ ತುಟಿಯಾಡಿಸುವುದೇ? ಡೇಕೇರಿಗೆ ರಜೆ ಹಾಕಿ, ನಾನು ಮೋಸಹೋದ ಬಗೆಯಿಂದಲೇ ಶುರುಮಾಡಿ ಹೊಸದಾಗಿ ಬರೆದೆ. 'ಬಿ' ಗ್ರೇಡ್ ಬಂತು, ಪಾಸಾದೆ. ಜಾಣತನಕ್ಕೆ ಬಂದದ್ದಲ್ಲ ಅನ್ನುವುದೇ ಸಮಾಧಾನ.

ಪದವಿ ಪ್ರದಾನಕ್ಕೆ ಮಂಡ್ಯದಿಂದ ಅವ್ವ ಬಂದಿದ್ದಳು. ವೇದಿಕೆಯಿಂದಿಳಿದು, ಅಲ್ಲಿ ಕೊಟ್ಟ ಪದವಿಪತ್ರದ ಫೋಲ್ಡರನ್ನು ಅವಳ ಕೈಗಿತ್ತೆ. ಬಿಚ್ಚಿ ನೋಡಿದಳು.

"ಇದ್ರೊಳ್ಗೆ ಏನೂ ಇಲ್ವಲ್ಲವ್ವ!"

ವೇದಿಕೆಯಲ್ಲಿ ಕೊಡುವುದು ಬರೀ ಹೊದಿಕೆ. ಇಲ್ಲಿನ ಪದ್ಧತಿಯೇ ಹಾಗೆ. "ಅಸ್ಲಿದು ಆಮೇಲೆ ಪೋಸ್ಟಲ್ಲಿ ಬತ್ತದೆ ಕಣವ್ವ," ಅಂದೆ.

ಅವ್ವ ಖಾಲಿ ಫೋಲ್ಡರನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು. "ಬರ್ಲಿ ಬುಡು. ಮೈಕಲ್ಲಿ ಆವಯ್ಯ ಎಂಗೆಂಗೋ ಕೂಗ್ದ, ಆದ್ರೂ ನಿನ್ ಎಸ್ರೇಯ. ನನ್ ಕಿವಿಯಾರ ಕೇಳ್ದೆ."