ಹೊಸ ಬಾಯ್ಲರ್ ಬಂದ ದಿನ

ನಾನು ಚಿಕ್ಕವನಿದ್ದಾಗ ಮೊಗ್ರಾಲಿನ ನಮ್ಮ ಮನೆಯ ಬಚ್ಚಲಲ್ಲಿ ಒಲೆಗೆ ಹೂತು ಕೂರಿಸಿದ ತಾಮ್ರದ ಹಂಡೆಯೊಂದಿತ್ತು. ಮನೆಮಂದಿಯ ಬಿಸಿನೀರೆಲ್ಲ ಅದರದ್ದೇ. ತೆಂಗಿನ ಸಿಪ್ಪೆ, ಒಣಗಿದ ಮಡಲು, ಹಿತ್ತಲಲ್ಲಿ ಏನು ಬಿದ್ದಿದೆಯೋ ಅದನ್ನು ತುರುಕಿ ಅಜ್ಜಿ ಬೆಂಕಿ ಮಾಡುತ್ತಿದ್ದರು. ಹೊಳೆ ಸಮುದ್ರ ಸೇರುವ ಊರಾದ್ದರಿಂದ ಬಾವಿಯ ನೀರಿಗೆ ಸಣ್ಣಗೆ ಉಪ್ಪಿನ ರುಚಿ. ಆ ಉಪ್ಪೇ ವರ್ಷಗಟ್ಟಲೆ ಹಂಡೆಯ ಬುಡವನ್ನು ತಿನ್ನುತ್ತ ಬಂದಿರಬೇಕು. ಒಂದು ಬೆಳಿಗ್ಗೆ ಒಲೆಯೊಳಗೆ ಚುಂಯ್ ಎಂದು ಸದ್ದಾಯಿತು, ಬೂದಿ ಕೆಸರಾಯಿತು, ಬೆಂಕಿ ಆರಿಹೋಯಿತು.

ಬೇರೆ ದಿನವಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಅಂದು ಮಧ್ಯಾಹ್ನದ ಮೇಲೆ ಅಮ್ಮ ಹಸುಗೂಸನ್ನೆತ್ತಿಕೊಂಡು ಆಸ್ಪತ್ರೆಯಿಂದ ಬರುವವರಿದ್ದರು. ಬಾಣಂತಿಗೆ ಮೈತುಂಬ ಎಣ್ಣೆ ಹಚ್ಚಿ ಕೊಡಗಟ್ಟಲೆ ಬಿಸಿನೀರು ಹೊಯ್ಯಬೇಕು, ಅದು ತಪ್ಪಿದರೆ ಸೊಂಟನೋವು ಬದುಕಿಡೀ ಬಿಡುವುದಿಲ್ಲ ಎಂದು ಅಜ್ಜಿಯ ನಂಬಿಕೆ. ಅಪ್ಪ ತೂತಿಗೆ ಸಿಮೆಂಟು ಮೆತ್ತಿದರು. ಅರಗು ಕರಗಿಸಿ ಹೊಯ್ದರು. ಎರಡೂ ನಿಲ್ಲಲಿಲ್ಲ. ಕೊನೆಗೆ ಒಲೆಯ ಬಾಯಿಯ ಅಳತೆಗೆ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದನ್ನು ಮುರಿದುಕೊಂಡು, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಕಾಸರಗೋಡಿನ ಬಸ್ಸು ಹತ್ತಿದರು.

"ಹಂಡೆಯೇ ತಾ. ಬೇರೆ ಎಂತದೂ ಬೇಡ" ಎಂದು ಅಜ್ಜಿ ಅಂಗಳದಿಂದಲೇ ಹೇಳಿ ಕಳಿಸಿದ್ದರು.

ಮೊದಲ ಅಂಗಡಿಯ ಹಂಡೆಗಳೆಲ್ಲ ಕಡ್ಡಿಯ ಅಳತೆಗಿಂತ ದೊಡ್ಡವು. ಇನ್ನೊಂದರಲ್ಲಿ ಇದ್ದದ್ದು ಅಲ್ಯೂಮಿನಿಯಂ ಮಾತ್ರ, ಅದು ಉಪ್ಪುನೀರಿಗೆ ಬಾಳುವುದಿಲ್ಲ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಅಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ಅಕ್ಕನಿಗೆ ಬಾಯಾರಿಕೆ, ನನಗೆ ಹಸಿವು. ಅಪ್ಪ ಮುಂದೆ ಮುಂದೆ ನಡೆಯುತ್ತಲೇ ಇದ್ದರು.

ಮತ್ತೊಂದು ಅಂಗಡಿಯ ಬಾಗಿಲಲ್ಲಿ ನಮ್ಮ ಕಣ್ಣು ನಿಂತಿತು. ಅಕ್ಕನ ಎದೆಯವರೆಗೆ ಬರುವ, ಕಂಬದಂತಹ ತಾಮ್ರದ ಬಾಯ್ಲರು ಅಲ್ಲಿತ್ತು. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು, ಹೊಟ್ಟೆಗೆ ಹಿತ್ತಾಳೆಯ ನಳ್ಳಿ. ನಾವು ಅದರಲ್ಲಿ ಮುಖ ನೋಡಿಕೊಂಡೆವು.

"ಒಲೆಯೇ ಬೇಡ, ಇಟ್ಟಲ್ಲಿ ಕೂರ್ತದೆ. ನಳ್ಳಿ ತಿರುಗಿಸಿದರಾಯ್ತು" ಎಂದ ಅಂಗಡಿಯವನು.

"ಎಂತದರಲ್ಲಿ ಉರಿಸುವುದು?" ಅಪ್ಪ ಕೇಳಿದರು.

"ಎಂತದಾದ್ರೂ ಆಗ್ತದೆ."

ಅಪ್ಪ ಗಂಟೆ ನೋಡಿದರು, ಕಡ್ಡಿಯನ್ನು ಬಿಸಾಡಿದರು, ಅದನ್ನೇ ಕೊಂಡರು.

ಬಂದ ಬಸ್ಸಿನ ಕಂಡಕ್ಟರ್ "ಇದನ್ನೆಲ್ಲ ಹತ್ತಿಸ್ಲಿಕ್ಕೆ ಆಗುದಿಲ್ಲ ಮಾರಾಯ್ರೇ" ಎಂದು ಬೆಲ್ಲು ಹೊಡೆದ. ಅದರ ಹಿಂದಿನದು ನಿಲ್ಲಲೇ ಇಲ್ಲ. ಕೊನೆಗೊಂದು ಬಸ್ಸಿನ ಮೇಲೆ ಅದನ್ನು ಕಟ್ಟಿದರು. ಇಳಿಸುವಾಗ ಹೊಟ್ಟೆ ಒಂದು ಕಡೆ ನೆಗ್ಗಿತ್ತು.

ಮನೆಗೆ ಬರುವಾಗ ಅಜ್ಜಿ ಅಮ್ಮನಿಗೆ ಎಣ್ಣೆ ಹಚ್ಚಿ ಬಚ್ಚಲ ಬಾಗಿಲಲ್ಲಿ ಮಣೆಯ ಮೇಲೆ ಕೂರಿಸಿ ಆಗಿತ್ತು. ಒಳಗೆ ಕೂಸು ಅಳುತ್ತಿತ್ತು. ಅಜ್ಜಿ ಬಾಯ್ಲರನ್ನು ಮೇಲಿಂದ ಕೆಳಗೆ ನೋಡಿದರು. ಅಪ್ಪ ನೀರು ತುಂಬಿಸಿ ಸಿಪ್ಪೆ ಹಾಕಲು ಹೋದರೆ ಕೊಳವೆಯ ಬಾಯಿಗೆ ಅದು ಹೋಗಲೇ ಇಲ್ಲ. ಕತ್ತಿಯಿಂದ ಸಣ್ಣಗೆ ಕೊಚ್ಚಿ ಹಾಕಿದರು, ಬರೀ ಹೊಗೆಯಾಯಿತು. ಆ ಬಾಯ್ಲರಿಗೆ ಬೇಕಾದದ್ದು ಇದ್ದಿಲು. ನಮ್ಮ ಮನೆಯಲ್ಲಿ ಇಲ್ಲದ್ದೂ ಅದೊಂದೇ. ಊದಿ ಊದಿ ಅಪ್ಪನ ಕಣ್ಣು ಕೆಂಪಾಯಿತು. ನಳ್ಳಿ ತಿರುಗಿಸಿದರೆ ಬಾವಿಯಿಂದ ಈಗಷ್ಟೇ ಸೇದಿದಂತಹ ನೀರು. ಯಾರಿಗೂ ಕೈಯೆತ್ತದ ಅಪ್ಪ ಅಂದು ಹೊಗೆಯಾಡುವ ಕೊಳವೆಯ ಬಾಯಿಗೆ ಅಂಗೈಯಿಂದ ರಪ್ಪನೆ ಬಡಿದರು. ಕೈಯನ್ನೂ ಸುಟ್ಟುಕೊಂಡರು.

ಅಜ್ಜಿ ಕೊಡವೆತ್ತಿಕೊಂಡು ಬೇಲಿಯ ಸಂದಿಯಿಂದ ನೆರೆಮನೆಗೆ ಹೋದರು. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಉಮ್ಮ ಎಂದೇ ಕರೆಯುತ್ತಿದ್ದೆವು.

"ಎಣ್ಣೆ ಹಚ್ಚಿ ಕೂರಿಸಿದ್ದೀರಾ? ಇಷ್ಟು ಹೊತ್ತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದು ಉಮ್ಮ ಬೈಯುತ್ತಲೇ ತಮ್ಮ ಹಂಡೆಯ ಮುಚ್ಚಳ ತೆಗೆದರು. ಅಕ್ಕ ಮತ್ತು ನಾನು ಬೇಲಿ ದಾಟಿ ದಾಟಿ ನೀರು ಹೊತ್ತೆವು. ಅರ್ಧ ನಮ್ಮ ಕಾಲಿಗೆ ಚೆಲ್ಲಿತು. ಅಮ್ಮನ ಬೆನ್ನಿಗೆ ಬಿದ್ದಾಗ ಅದು ಉಗುರುಬೆಚ್ಚಗೆ ಇತ್ತಷ್ಟೆ. ಆದರೂ ಅಮ್ಮ ಕಣ್ಣು ಮುಚ್ಚಿ "ಸಾಕು, ಹಿತವಾಯ್ತು" ಎಂದರು. ಅಪ್ಪ ಆ ಮಾತು ಕೇಳಿ ಇನ್ನಷ್ಟು ಕುಗ್ಗಿದರು.

ಮಸಿ ಹಿಡಿದ ಬಾಯ್ಲರನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ನಾವು ಅದರೊಡನೆಯೇ ಬಾಳಿದೆವು. ತೆಂಗಿನಕಾಯಿಯ ಗೆರಟೆ ಸುಟ್ಟು ಇದ್ದಿಲು ಮಾಡುವುದು ಅಪ್ಪನ ರಜಾದಿನದ ಕೆಲಸವಾಯಿತು. ಪ್ರತಿಸಲವೂ ಗೊಣಗುತ್ತಿದ್ದರು, ಒಂದು ಸಲವೂ ತಪ್ಪಿಸಲಿಲ್ಲ.

ಮೊಮ್ಮಕ್ಕಳೇ, ಈಗ ನಮ್ಮ ಗೀಸರ್ ಕೆಟ್ಟಿದೆ. ಸೋಲಾರ್ ಹಾಕುವುದೋ, ಗ್ಯಾಸಿನದೋ, ಕರೆಂಟಿನದೋ ಎಂದು ನಿಮ್ಮ ಅಪ್ಪ ದಿನವೂ ಮೊಬೈಲ್ ಉಜ್ಜುತ್ತಾನೆ. ಒಬ್ಬರು ಹೊಗಳಿದ್ದನ್ನು ಇನ್ನೊಬ್ಬರು ತುಕ್ಕು ಹಿಡಿಯಿತೆಂದು ಬೈದಿರುತ್ತಾರೆ. ನಮಗೆ ಪೇಟೆಯಲ್ಲಿ ಇದ್ದದ್ದು ನಾಲ್ಕಾರು ಅಂಗಡಿ, ನಿಮಗೆ ಬೆರಳ ತುದಿಯಲ್ಲಿ ಲೋಕವಿಡೀ ಉಂಟು. ಆದರೂ ನೀವು ಗ್ಯಾಸಿನ ಮೇಲೆ ಕಾಯಿಸಿದ ನೀರನ್ನು ಬಕೆಟಿಗೆ ಬೆರೆಸಿಕೊಂಡು ಮೀಯುತ್ತಿದ್ದೀರಿ. ನಿನ್ನೆ ಅವನು ಫೋನಿನಲ್ಲಿ ಅಂಗಡಿಯವರೊಡನೆ ರೇಗಿದಾಗ ನೀವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿರಿ. ನನಗೆ ನಗು ಬರಲಿಲ್ಲ. ಆ ದಿನದ ಮೇಲೆ ನನ್ನ ಅಪ್ಪ ಬದುಕಿರುವವರೆಗೂ ಮಿಂದದ್ದು ಬಾವಿಕಟ್ಟೆಯಲ್ಲಿ, ತಣ್ಣೀರಿನಲ್ಲಿ. ಆ ಬಾಯ್ಲರಿನ ಒಂದು ಚೊಂಬು ನೀರನ್ನೂ ಅವರು ತಮ್ಮ ಮೈಮೇಲೆ ಹೊಯ್ದುಕೊಂಡದ್ದನ್ನು ನಾನು ನೋಡಿಲ್ಲ.